ಮೆಗ್ನೀಸಿಯಮ್ ಮಿಶ್ರಲೋಹವೋ ಉಕ್ಕೋ? ಬಳ್ಳಾರಿ ಶೆಡ್‌ನಲ್ಲೇ ಹೋಲಿಸಿ ನೋಡುವ ಸಮಗ್ರ ಮಾರ್ಗದರ್ಶಿ

ತೋರಣಗಲ್ಲಿನಿಂದ ಗಿಣಿಗೇರಾವರೆಗೆ ಯಾರನ್ನೇ ಕೇಳಿ, ಉಕ್ಕಿನ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ಮೆಗ್ನೀಸಿಯಮ್ ಹಾಗಲ್ಲ. ಅದು ಉಕ್ಕು ಮತ್ತು ಎರಕದ ಕಾರ್ಖಾನೆಗಳಿಗೆ ಬರುವುದೇ ಕಬ್ಬಿಣಕ್ಕೆ ಸಹಾಯ ಮಾಡಲು. ಕರಗಿದ ಕಬ್ಬಿಣದಿಂದ ಗಂಧಕ ತೆಗೆಯಲು ಅದರ ಪುಡಿ ಬೇಕು. ಎಸ್‌ಜಿ ಐರನ್ (ಸುಲಭವಾಗಿ ಒಡೆಯದ ಒಂದು ಬಗೆಯ ಎರಕದ ಕಬ್ಬಿಣ) ಎರಕಕ್ಕೆ ಫೆರೋ ಸಿಲಿಕಾನ್ ಮೆಗ್ನೀಸಿಯಮ್ ಬೇಕು. ಮೆಗ್ನೀಸಿಯಮ್‌ನಿಂದಲೇ ಒಂದು ಬಿಡಿಭಾಗ ಮಾಡಿದ್ದನ್ನು ಕೈಯಲ್ಲಿ ಹಿಡಿದವರು ಇಲ್ಲಿ ಕಡಿಮೆ.

ಹಾಗಾಗಿ "ಉಕ್ಕಿಗಿಂತ 4 ಪಟ್ಟು ಹಗುರವಂತೆ, ನಾವೂ ಯಾಕೆ ಬಳಸಬಾರದು?" ಎಂಬ ಪ್ರಶ್ನೆ ಬಂದಾಗ ಉತ್ತರ ಎರಡರಲ್ಲಿ ಒಂದು. ಒಬ್ಬರು "ಅದು ಬೆಂಕಿ ಹತ್ತಿಕೊಳ್ಳುತ್ತೆ, ಬೇಡ" ಅಂತಾರೆ. ಇನ್ನೊಬ್ಬರು ಕೋಷ್ಟಕದಲ್ಲಿ ತೂಕದ ಸಾಲು ಮಾತ್ರ ನೋಡಿ ಹಿಗ್ಗುತ್ತಾರೆ. ಇಬ್ಬರೂ ಲೆಕ್ಕ ಹಾಕಿರುವುದಿಲ್ಲ. ನನ್ನ ಪ್ರಕಾರ ಲೋಹಕ್ಕೆ ಲೋಹ ಹೋಲಿಸುವುದೇ ಸರಿಯಲ್ಲ. ಒಂದು ಬಿಡಿಭಾಗ ಹಿಡಿದು, ಅದು ಮಾಡುವ ಕೆಲಸಕ್ಕೆ ತಕ್ಕಂತೆ ಹೋಲಿಸಬೇಕು. ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಸಣ್ಣ ಫ್ಯಾಬ್ರಿಕೇಶನ್ ಶೆಡ್ ನಡೆಸುವವರಿಗೂ ಆಗುವಂತೆ ಆ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ಬಿಡಿಭಾಗದ ಕೆಲಸ ಬರೆದುಕೊಳ್ಳಿ

ಲೋಹದ ಹೆಸರು ಎತ್ತುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ. ಇದನ್ನು ಎಳೆಯಲಾಗುತ್ತದೋ, ಬಗ್ಗಿಸಲಾಗುತ್ತದೋ, ಒತ್ತಲಾಗುತ್ತದೋ? ಎಷ್ಟು ಬಿಸಿ? ನೀರು, ಧೂಳು ಬೀಳುತ್ತದೆಯೇ? ಪಕ್ಕದಲ್ಲಿ ತಾಗಿಕೊಂಡಿರುವ ಲೋಹ ಯಾವುದು? ಯಾರಾದರೂ ಇದನ್ನು ದಿನಾ ಎತ್ತುತ್ತಾರೆಯೇ? ವರ್ಷಕ್ಕೆ ಎಷ್ಟು ಬೇಕು?

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಅದಿರು ಸಾಗಿಸುವ ಕನ್ವೇಯರ್‌ಗೆ ಒಂದು ತಪಾಸಣೆ ಮುಚ್ಚಳ. ಉದ್ದ 1000 ಮಿ.ಮೀ., ಅಗಲ 600 ಮಿ.ಮೀ., ದಪ್ಪ 3 ಮಿ.ಮೀ. ಚಪ್ಪಟೆ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಉಕ್ಕು) ಶೀಟ್. ತೂಕ ಸುಮಾರು 14 ಕೆ.ಜಿ. ಪಾಳಿಯಲ್ಲಿ ಹಲವು ಸಲ ತೆಗೆದು ಹಾಕಬೇಕು, ಒಬ್ಬರಿಗೆ ಕಷ್ಟ. ಹಗುರ ಮಾಡಬೇಕು ಅನ್ನುವುದು ನ್ಯಾಯವಾದ ಬೇಡಿಕೆಯೇ.

ಹಂತ 2: ಯಾವ ಮೆಗ್ನೀಸಿಯಮ್, ಯಾವ ಉಕ್ಕು?

ಬರೀ "ಮೆಗ್ನೀಸಿಯಮ್" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಶುದ್ಧ ಮೆಗ್ನೀಸಿಯಮ್‌ನಲ್ಲಿ ಭಾರ ಹೊರುವ ಭಾಗ ಮಾಡುವುದಿಲ್ಲ, ಅದು ಅಷ್ಟು ಮೆದು. ಬಳಸುವುದು ಮಿಶ್ರಲೋಹ. ಅದರ ಹೆಸರಿನಲ್ಲೇ ಕೂಡಿಸಿದ್ದೇನು ಎಂಬ ಸುಳಿವು ಇರುತ್ತದೆ. ಎಜೆಡ್91 ಅಂದರೆ ಅಲ್ಯೂಮಿನಿಯಂ ಸುಮಾರು 9 ಶೇಕಡ, ಜಿಂಕ್ ಸುಮಾರು 1 ಶೇಕಡ. ಎಜೆಡ್31 ಅಂದರೆ 3 ಮತ್ತು 1. ಎಎಮ್60ರಲ್ಲಿ ಅಲ್ಯೂಮಿನಿಯಂ 6, ಜೊತೆಗೆ ಸ್ವಲ್ಪ ಮ್ಯಾಂಗನೀಸ್. ಕೊನೆಯ ಅಕ್ಷರ ಆ ಮಿಶ್ರಣದ ಆವೃತ್ತಿಯನ್ನು ಹೇಳುತ್ತದೆ. ಎಜೆಡ್91ಡಿ ಎಂಬಲ್ಲಿನ ಡಿ ಕಣ್ತಪ್ಪಿಸಿಕೊಳ್ಳಬಾರದು. ಅದು ಕಬ್ಬಿಣ, ನಿಕಲ್, ತಾಮ್ರ ತೀರಾ ಕಡಿಮೆ ಇರುವ ಶುದ್ಧ ಆವೃತ್ತಿ. ಕಬ್ಬಿಣಕ್ಕೆ ಮಿತಿ 0.005 ಶೇಕಡ ಅಷ್ಟೇ. ಇದು ಯಾಕೆ ಮುಖ್ಯ ಅನ್ನುವುದು ತುಕ್ಕಿನ ಹಂತದಲ್ಲಿ ಬರುತ್ತದೆ.

ಎಜೆಡ್91ಡಿ ಮತ್ತು ಎಎಮ್60 ಡೈಕಾಸ್ಟಿಂಗ್‌ಗೆ, ಅಂದರೆ ಕರಗಿದ ಲೋಹವನ್ನು ಒತ್ತಡದಿಂದ ಲೋಹದ ಅಚ್ಚಿಗೆ ತುಂಬುವ ಎರಕಕ್ಕೆ. ಎಜೆಡ್31ಬಿ ಶೀಟ್ ಮತ್ತು ಎಕ್ಸ್‌ಟ್ರೂಶನ್‌ಗೆ (ಅಚ್ಚಿನ ತೂತಿನಿಂದ ನೂಕಿ ತೆಗೆದ ಉದ್ದ ತುಂಡು).

ಉಕ್ಕಿನಲ್ಲೂ ಹಾಗೆಯೇ. ಶೆಡ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಐಎಸ್ 2062 ಎಂಬ ಭಾರತೀಯ ಮಾನಕದ ಇ250 ಗ್ರೇಡ್. ಮನೆ ಕಟ್ಟುವ ಟಿಎಂಟಿ ಕಂಬಿ ಎಫ್‌ಇ 500ಡಿ ಬೇರೆ, ಅದರ ಯೀಲ್ಡ್ (ಲೋಹ ಶಾಶ್ವತವಾಗಿ ಸೊಟ್ಟಗಾಗಲು ಶುರುವಾಗುವ ಬಲ) 500 ಮೆಗಾಪಾಸ್ಕಲ್. ಟಿಎಂಟಿಯ ಅಂಕಿ ತಂದು ಶೀಟ್‌ಗೆ ಅಂಟಿಸಬೇಡಿ.

ಗುಜರಿಯಿಂದ ತಂದ ತುಂಡು ಮೆಗ್ನೀಸಿಯಮ್ಮೋ ಅಲ್ಯೂಮಿನಿಯಮ್ಮೋ ಅನ್ನುವ ಅನುಮಾನ ಬಂದರೆ ಎರಡು ಪರೀಕ್ಷೆ ಸಾಕು. ಮೊದಲನೆಯದು, ತುಂಡನ್ನು ತೂಗಿ. ನಂತರ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ಗಾಳಿಯಲ್ಲಿ 181 ಗ್ರಾಂ, ನೀರಿನಲ್ಲಿ 81 ಗ್ರಾಂ ಬಂದರೆ ವ್ಯತ್ಯಾಸ 100. 181 ಅನ್ನು 100ರಿಂದ ಭಾಗಿಸಿದರೆ 1.81. ಅದು ಎಜೆಡ್91ರ ಸಾಂದ್ರತೆ. 2.7ರ ಹತ್ತಿರ ಬಂದರೆ ಅಲ್ಯೂಮಿನಿಯಂ. ಎರಡನೆಯದು, ಒಂದು ಮೂಲೆಯನ್ನು ಕೈ ಅರದಿಂದ ಸ್ವಲ್ಪ ಉಜ್ಜಿ ಅಡುಗೆಮನೆಯ ವಿನೆಗರ್ ಒಂದು ಹನಿ ಬಿಡಿ. ಮೆಗ್ನೀಸಿಯಮ್ ಆದರೆ ತಕ್ಷಣ ಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಸುಮ್ನೆ ಕೂತಿರುತ್ತದೆ.

ಹಂತ 3: ಅಂಕಿಗಳನ್ನು ಅಕ್ಕಪಕ್ಕ ಇಡಿ

ಇವು ಸಾಮಾನ್ಯ ಅಂಕಿಗಳು. ನಿಮ್ಮ ಲಾಟ್‌ನ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಎಜೆಡ್91ಡಿ ಡೈಕಾಸ್ಟಿಂಗ್‌ನದು, ಎಜೆಡ್31ಬಿ ರೋಲ್ ಮಾಡಿ ಗಡುಸು ಮಾಡಿದ ಶೀಟ್‌ನದು.

| ಗುಣ | ಎಜೆಡ್91ಡಿ | ಎಜೆಡ್31ಬಿ | ಇ250 ಉಕ್ಕು |
|---|---|---|---|
| ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಗ್ರಾಂ) | 1.81 | 1.77 | 7.85 |
| ಯಂಗ್ಸ್ ಮಾಡ್ಯುಲಸ್ (ಗಿಗಾಪಾಸ್ಕಲ್) | 45 | 45 | 205 |
| ಯೀಲ್ಡ್ (ಮೆಗಾಪಾಸ್ಕಲ್) | 160 | 220 | 250 |
| ಮುರಿಯುವ ಬಲ (ಮೆಗಾಪಾಸ್ಕಲ್) | 230 | 290 | 410 |
| ಮುರಿಯುವ ಮುನ್ನ ಹಿಗ್ಗುವಿಕೆ (ಶೇಕಡ) | 3 | 15 | 23 |
| 1 ಮೀಟರ್‌ಗೆ 1 ಡಿಗ್ರಿಗೆ ಹಿಗ್ಗುವಿಕೆ (ಮೈಕ್ರಾನ್) | 26 | 26 | 12 |

ಎರಡನೇ ಸಾಲಿನಲ್ಲಿ ಒಂದು ಕ್ಷಣ ನಿಲ್ಲಿ. ಯಂಗ್ಸ್ ಮಾಡ್ಯುಲಸ್ ಅಂದರೆ ಲೋಹ ಬಳುಕದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಅನ್ನುವುದರ ಅಳತೆ. ಗಟ್ಟಿತನದ್ದಲ್ಲ. ಮೆಗ್ನೀಸಿಯಮ್ ಉಕ್ಕಿಗಿಂತ ನಾಲ್ಕೂವರೆ ಪಟ್ಟು ಜಾಸ್ತಿ ಬಳುಕುತ್ತದೆ. ಇನ್ನೊಂದು ಮಾತು: ಇ250 ಆಗಲಿ, ಮೂರು ಪಟ್ಟು ಗಟ್ಟಿಯ ದುಬಾರಿ ಉಕ್ಕಾಗಲಿ, ಈ ಸಂಖ್ಯೆ 200-210ರ ಒಳಗೇ ಇರುತ್ತದೆ. ಶೀಟ್ ಬಳುಕುತ್ತದೆ ಅಂತ ಹೆಚ್ಚು ಗ್ರೇಡಿನ ಉಕ್ಕು ತಂದರೆ ದುಡ್ಡು ದಂಡ.

ನಂಬಿಕೆ ಬರದಿದ್ದರೆ ಬೆಂಚಿನ ಮೇಲೆ ನೋಡಿ. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎರಡು ಪಟ್ಟಿ ತೆಗೆದುಕೊಳ್ಳಿ, ಒಂದು ಉಕ್ಕು, ಒಂದು ಎಜೆಡ್31. ವೈಸ್‌ನಲ್ಲಿ ಕಚ್ಚಿಸಿ 250 ಮಿ.ಮೀ. ಹೊರಗೆ ಚಾಚಿಸಿ. ತುದಿಗೆ ಡಯಲ್ ಗೇಜ್ ಸೊನ್ನೆ ಮಾಡಿ, ಅರ್ಧ ಕೆ.ಜಿ. ತೂಗುಹಾಕಿ. ಉಕ್ಕು ಸುಮಾರು 2.2 ಮಿ.ಮೀ. ಇಳಿಯುತ್ತದೆ. ಮೆಗ್ನೀಸಿಯಮ್ 10 ಮಿ.ಮೀ. ಇಳಿಯುತ್ತದೆ. ತೂಕ ತೆಗೆದರೆ ಎರಡೂ ಮೊದಲಿನ ಜಾಗಕ್ಕೇ ಬರುತ್ತವೆ. ವೈಸ್ ಸರಿಯಾಗಿ ಬಿಗಿಯದಿದ್ದರೆ ಅಂಕಿ ಕೆಡುತ್ತದೆ, ಅದನ್ನು ಮೊದಲು ನೋಡಿ.

ಹಂತ 4: ಭಾರ ಹೇಗೆ ಬೀಳುತ್ತದೆ ಅನ್ನುವುದರ ಮೇಲೆ ಲೆಕ್ಕ ಹಾಕಿ

ಇಡೀ ಹೋಲಿಕೆಯ ಜೀವ ಇಲ್ಲಿದೆ. ಒಂದೇ ಜೋಡಿ ಲೋಹ ಮೂರು ಕೆಲಸದಲ್ಲಿ ಮೂರು ಬೇರೆ ಉತ್ತರ ಕೊಡುತ್ತದೆ.

ಬರೀ ಎಳೆತದ ಕೆಲಸ, ಅಂದರೆ ಟೈ ರಾಡ್ ಥರದ್ದು. ಇಲ್ಲಿ ಮಾಡ್ಯುಲಸ್ ಅನ್ನು ಸಾಂದ್ರತೆಯಿಂದ ಭಾಗಿಸಿ. ಉಕ್ಕಿಗೆ 26, ಮೆಗ್ನೀಸಿಯಮ್‌ಗೆ 25. ಸಮ. ಒಂದೇ ತೂಕದ ಎರಡು ರಾಡ್ ಒಂದೇ ಅಳತೆಗೆ ಹಿಗ್ಗುತ್ತವೆ. ಇಲ್ಲಿ ಮೆಗ್ನೀಸಿಯಮ್ ಕಟ್ಟಿಕೊಂಡು ಯಾವ ಲಾಭವೂ ಇಲ್ಲ.

ಬಗ್ಗುವ ಕೆಲಸದ ಘನ ಕಡ್ಡಿ. ಇಲ್ಲಿ ಲೋಹ ಹಗುರವಾದಷ್ಟೂ ಅಡ್ಡಳತೆ ದಪ್ಪ ಮಾಡಬಹುದು, ದಪ್ಪವಾದಷ್ಟೂ ಬಳುಕು ಬೇಗ ಕಡಿಮೆಯಾಗುತ್ತದೆ. ಚೌಕ ಕಡ್ಡಿಯ ಬದಿಯನ್ನು ಸುಮಾರು ಒಂದೂವರೆ ಪಟ್ಟು ಮಾಡಿದರೆ ಮೆಗ್ನೀಸಿಯಮ್ ಉಕ್ಕಿನಷ್ಟೇ ಬಿಗಿ. ಆಗ ತೂಕ ಅರ್ಧದಷ್ಟು.

ಬಗ್ಗುವ ಚಪ್ಪಟೆ ತಗಡು, ನಮ್ಮ ಮುಚ್ಚಳದ ಥರ. ಬಿಗಿತ ದಪ್ಪದ ಘನದಂತೆ ಏರುತ್ತದೆ. ಹಾಗಾಗಿ 205ನ್ನು 45ರಿಂದ ಭಾಗಿಸಿ, ಬಂದದ್ದರ ಘನಮೂಲ ತೆಗೆಯಿರಿ. 1.66 ಬರುತ್ತದೆ. 3 ಮಿ.ಮೀ. ಉಕ್ಕಿನ ಬದಲು 5 ಮಿ.ಮೀ. ಮೆಗ್ನೀಸಿಯಮ್ ಹಾಕಿದರೆ ಸಾಕು. ತೂಕ 5.3 ಕೆ.ಜಿ. 14 ಕೆ.ಜಿ. ಎಲ್ಲಿ, 5.3 ಎಲ್ಲಿ! ಅಲ್ಯೂಮಿನಿಯಂ ಆದರೆ 4.3 ಮಿ.ಮೀ., ತೂಕ 7 ಕೆ.ಜಿ.

ಕರಪತ್ರಗಳಲ್ಲಿ ಕಾಣುವ "60 ಶೇಕಡ ತೂಕ ಉಳಿತಾಯ" ಈ ಮೂರನೇ ಲೆಕ್ಕದಿಂದ ಬರುತ್ತದೆ. ಸುಳ್ಳಲ್ಲ. ಆದರೆ ಅದರಲ್ಲಿ ಉಕ್ಕಿನ ಕೈ ಕಟ್ಟಿಹಾಕಲಾಗಿದೆ. ಉಕ್ಕು ಚಪ್ಪಟೆಯಾಗಿಯೇ ಇರಬೇಕು ಅಂತ ಯಾರು ಹೇಳಿದರು? 1.2 ಮಿ.ಮೀ. ಶೀಟ್ ತಗೊಂಡು, ನಾಲ್ಕೂ ಅಂಚು ಮಡಚಿ, ಹಿಂದೆ ಎರಡು ಪಟ್ಟಿ ಕೊಟ್ಟರೆ ಶೀಟ್ 5.65 ಕೆ.ಜಿ., ಮಡಿಕೆ ಪಟ್ಟಿ ಸೇರಿ ಸುಮಾರು 7 ಕೆ.ಜಿ. ಬಳುಕು ಹಳೇ ಮುಚ್ಚಳಕ್ಕಿಂತ ಕಡಿಮೆಯೇ ಇರುತ್ತದೆ. ಈಗ ಹೋಲಿಕೆ 14ಕ್ಕೂ 5ಕ್ಕೂ ಅಲ್ಲ, 7ಕ್ಕೂ 5ಕ್ಕೂ. ಉಕ್ಕನ್ನು ತಣ್ಣಗೇ ಬ್ರೇಕ್ ಪ್ರೆಸ್‌ನಲ್ಲಿ ಮಡಚಬಹುದು. ಮೆಗ್ನೀಸಿಯಮ್ ಶೀಟ್ ಹಾಗೆ ಮಡಚಿದರೆ ಬಿರುಕು ಬಿಡುತ್ತದೆ, ಅದಕ್ಕೆ ಮುಂದೆ ಬರೋಣ.

ಇದರ ಅರ್ಥ ಮೆಗ್ನೀಸಿಯಮ್ ಸೋತಿತು ಅಂತಲ್ಲ. ಆಕಾರ ಜಟಿಲವಾಗಿದ್ದು, ಪಕ್ಕೆಲುಬು, ಬೋಲ್ಟ್ ಗುಬುಟು, ಬೇರಿಂಗ್ ಮನೆ ಎಲ್ಲ ಒಂದೇ ಎರಕದಲ್ಲಿ ಬರಬೇಕಾದ ಪೆಟ್ಟಿಗೆ ಇದ್ದರೆ ಅದು ಗೆಲ್ಲುತ್ತದೆ. ಕೈಯಲ್ಲಿ ಹಿಡಿಯುವ ಡ್ರಿಲ್‌ನ ಮೈ, ಗೇರ್ ಪೆಟ್ಟಿಗೆ, ಕಾರಿನ ಸ್ಟೀರಿಂಗ್ ಚಕ್ರದ ಒಳಚೌಕಟ್ಟು ಇಂಥವು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಮತ್ತು ಗೇರ್ ಪೆಟ್ಟಿಗೆಯಲ್ಲಿ ಸುಮಾರು 20 ಕೆ.ಜಿ. ಮೆಗ್ನೀಸಿಯಮ್ ಎರಕವಿತ್ತು. ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆಯ ಮೇಲೆ ಔಷಧಿ ಹೊಡೆಯುವ ಡ್ರೋನ್‌ಗಳನ್ನು ನೋಡಿ. ಅವುಗಳಲ್ಲಿ ಪ್ರತಿ ಗ್ರಾಂ ಲೆಕ್ಕಕ್ಕೆ ಬರುತ್ತದೆ. ಅಂಥ ಕಡೆ ಮೋಟಾರಿನ ಬುಡದ ಎರಕಕ್ಕೆ ಈ ಲೋಹವನ್ನು ನಾನು ಗಂಭೀರವಾಗಿ ಯೋಚಿಸುತ್ತೇನೆ.

ಹಂತ 5: ಗಟ್ಟಿತನ, ದಣಿವು, ಮುರಿತ

ಬಿಗಿತ ಸಮ ಮಾಡಿದ ಮೇಲೆ ಗಟ್ಟಿತನ ಬಹಳಷ್ಟು ಸಲ ತಾನೇ ಸಾಕಾಗುತ್ತದೆ. ತಗಡಿನ ಬಗ್ಗುಬಲ ಯೀಲ್ಡ್ ಗುಣಿಸು ದಪ್ಪದ ವರ್ಗ. ಉಕ್ಕಿಗೆ 250 ಗುಣಿಸು 9, ಅಂದರೆ 2250. ಮೆಗ್ನೀಸಿಯಮ್‌ಗೆ 220 ಗುಣಿಸು 25, ಅಂದರೆ 5500. ಎರಡು ಪಟ್ಟಿಗಿಂತ ಜಾಸ್ತಿ.

ಆದರೆ ಮೂರು ಕಡೆ ಎಚ್ಚರ ಬೇಕು. ಮೊದಲನೆಯದು ಒತ್ತುಬಲ. ಎಜೆಡ್31 ಎಕ್ಸ್‌ಟ್ರೂಶನ್ ಎಳೆತದಲ್ಲಿ ಸುಮಾರು 200 ಮೆಗಾಪಾಸ್ಕಲ್‌ವರೆಗೆ ತಡೆಯುತ್ತದೆ, ಒತ್ತಿದರೆ ಸುಮಾರು ಅರ್ಧಕ್ಕೇ ಮಣಿಯುತ್ತದೆ. ಕಾರಣ ಅದರ ಷಟ್ಕೋನ ಹರಳಿನ ರಚನೆ. ಉಕ್ಕಿನಲ್ಲಿ ಈ ಭೇದ ಇಲ್ಲವೆಂದೇ ಹೇಳಬಹುದು, ಹಾಗಾಗಿ ಉಕ್ಕಿನ ಅಭ್ಯಾಸದವರು ಒತ್ತುಬಲದ ಅಂಕಿ ಕೇಳುವುದೇ ಇಲ್ಲ. ಕಂಬದಂತೆ ನಿಲ್ಲುವ ಭಾಗಕ್ಕೆ ಇದನ್ನು ಕೇಳಲೇಬೇಕು.

ಎರಡನೆಯದು ದಣಿವು. ಉಕ್ಕಿಗೆ ಒಂದು ಮಿತಿ ಇದೆ, ಅದರ ಕೆಳಗೆ ಎಷ್ಟು ಲಕ್ಷ ಸಲ ಅಲುಗಿಸಿದರೂ ಬಿರುಕು ಹುಟ್ಟುವುದಿಲ್ಲ. ಮಾಮೂಲಿ ಉಕ್ಕಿನಲ್ಲಿ ಅದು ಮುರಿಯುವ ಬಲದ ಅರ್ಧದಷ್ಟು. ಡೈಕಾಸ್ಟ್ ಎಜೆಡ್91ಕ್ಕೆ ಲೆಕ್ಕ ಹಿಡಿಯುವುದು 70ರಿಂದ 100 ಮೆಗಾಪಾಸ್ಕಲ್. ಎರಕದೊಳಗೆ ಗಾಳಿಗುಳ್ಳೆ ಇದ್ದರೆ ಇನ್ನೂ ಕೆಳಗೆ.

ಮೂರನೆಯದು ಮುರಿಯುವ ರೀತಿ. ಎಜೆಡ್91 ಶೇಕಡ 3 ಹಿಗ್ಗಿ ಮುರಿಯುತ್ತದೆ. ಉಕ್ಕು ಮೊದಲು ಬಾಗಿ, ಸೊಟ್ಟಗಾಗಿ ಎಚ್ಚರಿಕೆ ಕೊಡುತ್ತದೆ. ಎತ್ತುವ ಕೊಂಡಿ, ಜನರ ಮೇಲೆ ತೂಗುವ ಯಾವುದೇ ಭಾಗಕ್ಕೆ ನಾನು ಎರಕದ ಮೆಗ್ನೀಸಿಯಮ್ ಮುಟ್ಟುವುದಿಲ್ಲ.

ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಕಂಪನ ನುಂಗುವುದರಲ್ಲಿ ಮೆಗ್ನೀಸಿಯಮ್ ಬಲು ಜಾಣ. ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಅದನ್ನು ಬಳಸುವುದಕ್ಕೆ ತೂಕದ ಜೊತೆ ಇದೂ ಕಾರಣ.

ಹಂತ 6: ಬಿಸಿ

ರಾಯಚೂರಿನ ಮೇ ತಿಂಗಳ ಬಿಸಿಲು ಎರಡೂ ಲೋಹಕ್ಕೆ ಏನೂ ಅಲ್ಲ. ತೊಂದರೆ 120 ಡಿಗ್ರಿ ದಾಟಿದ ಮೇಲೆ. ಅಲ್ಲಿ ಎಜೆಡ್91 ಭಾರದಡಿ ನಿಧಾನವಾಗಿ ಹರಿಯತೊಡಗುತ್ತದೆ, ಬಿಗಿದ ಬೋಲ್ಟ್ ಸಡಿಲವಾಗುತ್ತದೆ. ಸುಮಾರು 470 ಡಿಗ್ರಿಗೆ ಕರಗಲು ಶುರು. ಉಕ್ಕು 600 ಡಿಗ್ರಿಯಲ್ಲೂ ತನ್ನ ಅರ್ಧದಷ್ಟು ಬಲ ಉಳಿಸಿಕೊಂಡಿರುತ್ತದೆ. ಸ್ಪಾಂಜ್ ಐರನ್ ಗೂಡಿನ ಪಕ್ಕ, ಬಿಸಿ ಬೂದಿ ಪೈಪಿನ ಪಕ್ಕ ಮೆಗ್ನೀಸಿಯಮ್ ಮಾತೇ ಬೇಡ.

ಹಿಗ್ಗುವಿಕೆಯನ್ನೂ ನೋಡಿ. ಚಳಿಗಾಲದ ಬೆಳಗಿನ 15 ಡಿಗ್ರಿಯಿಂದ ಬೇಸಿಗೆ ಬಿಸಿಲಿಗೆ ಕಾದ ಲೋಹದ 65 ಡಿಗ್ರಿವರೆಗೆ ವ್ಯತ್ಯಾಸ 50. ಒಂದು ಮೀಟರ್ ಮುಚ್ಚಳ ಉಕ್ಕಿನದಾದರೆ 0.6 ಮಿ.ಮೀ. ಹಿಗ್ಗುತ್ತದೆ, ಮೆಗ್ನೀಸಿಯಮ್‌ನದಾದರೆ 1.3 ಮಿ.ಮೀ. ಚೌಕಟ್ಟು ಉಕ್ಕಿನದೇ ಆಗಿದ್ದರೆ ತೂತುಗಳನ್ನು ಉದ್ದ ಮಾಡಬೇಕು.

ಹಂತ 7: ನಿಮ್ಮ ಶೆಡ್ ಇದನ್ನು ಸಂಭಾಳಿಸಬಲ್ಲದೇ?

ಲೇತ್ ಮೇಲೆ ಮೆಗ್ನೀಸಿಯಮ್ ಬೆಣ್ಣೆಯಂತೆ ಕತ್ತರಿಸಿಕೊಳ್ಳುತ್ತದೆ. ಉಳಿ ಕಡಿಮೆ ಸವೆಯುತ್ತದೆ. ಕಷ್ಟ ಇರುವುದು ಚೂರು ಮತ್ತು ಪುಡಿಯಲ್ಲಿ.

ದಪ್ಪ ತುಂಡಿಗೆ ಬೆಂಕಿ ಹತ್ತಿಸುವುದು ಸುಲಭವಲ್ಲ, ಬಿಸಿ ಮೈತುಂಬ ಹರಡಿ ಹೋಗುತ್ತದೆ. ತೆಳು ಚೂರು, ಗ್ರೈಂಡಿಂಗ್ ಪುಡಿ ಹಾಗಲ್ಲ, ಕಿಡಿ ಬಿದ್ದರೆ ಹತ್ತಿಕೊಳ್ಳುತ್ತವೆ. ಆಗ ನೀರು ಹಾಕಬಾರದು, ಹೈಡ್ರೋಜನ್ ಹುಟ್ಟಿ ಬೆಂಕಿ ಜೋರಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಕೆಲಸಕ್ಕೆ ಬಾರದು, ಆ ಅನಿಲದಲ್ಲೂ ಮೆಗ್ನೀಸಿಯಮ್ ಉರಿಯುತ್ತದೆ. ಬೇಕಾದ್ದು ಡಿ ದರ್ಜೆಯ (ಲೋಹದ ಬೆಂಕಿಗೆಂದೇ ಇರುವ) ಆರಿಸುವ ಪುಡಿ, ಅಥವಾ ಪೂರ್ತಿ ಒಣಗಿದ ಮರಳು. ಮರಳಿನ ಡಬ್ಬಿಗೆ ಮುಚ್ಚಳ ಇರಲಿ, ಮಳೆಗಾಲದಲ್ಲಿ ತೇವ ಕುಡಿದ ಮರಳು ನೀರಿನಷ್ಟೇ ಅಪಾಯ.

ಉಳಿ ಹರಿತವಿರಲಿ. ಮೊಂಡು ಉಳಿ ಉಜ್ಜಿದರೆ ಬಿಸಿ ಹುಟ್ಟುತ್ತದೆ. ನೀರು ಬೆರೆಸಿದ ಮಾಮೂಲಿ ಕೂಲೆಂಟ್ ಬಳಸಬೇಡಿ, ಒಣಗೆ ಕತ್ತರಿಸಿ ಅಥವಾ ಖನಿಜ ಎಣ್ಣೆ ಬಳಸಿ. ಉಕ್ಕು ಉಜ್ಜುವ ಗ್ರೈಂಡರ್‌ನಲ್ಲಿ ಮೆಗ್ನೀಸಿಯಮ್ ಉಜ್ಜಲೇಬಾರದು. ಉಕ್ಕಿನ ಕಿಡಿ, ಮೆಗ್ನೀಸಿಯಮ್ ಧೂಳು ಒಂದೇ ಜಾಗದಲ್ಲಿ ಸೇರುವುದು ಯಾರಿಗೂ ಒಳ್ಳೆಯದಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ಮಾತು. ಇಲ್ಲಿ ಎಲ್ಲದರ ಮೇಲೂ ಕೆಂಪು ಅದಿರು ಧೂಳು ಕೂತಿರುತ್ತದೆ, ಅಂದರೆ ಕಬ್ಬಿಣದ ಆಕ್ಸೈಡ್. ಹಗುರ ಲೋಹ ತುಕ್ಕು ಹಿಡಿದ ಉಕ್ಕಿಗೆ ಜೋರಾಗಿ ಬಡಿದರೆ, ಹಳಿ ಬೆಸೆಯುವ ಥರ್ಮಿಟ್‌ನ ಜಾತಿಯದೇ ಕ್ರಿಯೆ ನಡೆದು ಬಹಳ ಬಿಸಿ ಕಿಡಿ ಹಾರಬಹುದು. ಅನಿಲ ಸೋರುವ ಅಪಾಯ ಇರುವ ಜಾಗದ ಉಪಕರಣಗಳಲ್ಲಿ ಮೆಗ್ನೀಸಿಯಮ್ ಪ್ರಮಾಣಕ್ಕೆ ಮಿತಿ ಹಾಕಿರುವುದು ಇದಕ್ಕೇ. ಕೋಕ್ ಓವನ್, ಬ್ಲಾಸ್ಟ್ ಫರ್ನೆಸ್ ಗ್ಯಾಸ್ ಲೈನ್ ಹತ್ತಿರದ ಮುಚ್ಚಳಕ್ಕೆ ಇಲ್ಲಿಗೇ ಚರ್ಚೆ ಮುಗಿಯಿತು.

ಮಡಚುವುದು: ಎಜೆಡ್31 ಶೀಟನ್ನು ಸುಮಾರು 225 ಡಿಗ್ರಿ ದಾಟಿಸಿ ಬಿಸಿ ಮಾಡಿ ಮಡಚಬೇಕು. ಬೆಸುಗೆ: ಆರ್ಗಾನ್ ಅನಿಲದ ಟಿಗ್ ವೆಲ್ಡಿಂಗ್‌ನಲ್ಲಿ, ಎಸಿ ಕರೆಂಟಿನಲ್ಲಿ ಆಗುತ್ತದೆ. ಆದರೆ ಮೆಗ್ನೀಸಿಯಮ್ ಅನ್ನು ಉಕ್ಕಿನ ಭಾಗಕ್ಕೆ ಮಾಮೂಲಿ ವೆಲ್ಡಿಂಗ್‌ನಲ್ಲಿ ಬೆಸೆಯಲು ಬರುವುದಿಲ್ಲ.

ಹಂತ 8: ಕೆ.ಜಿ. ಬೆಲೆ ಬಿಡಿ, ಒಂದು ಭಾಗದ ಬೆಲೆ ನೋಡಿ

ಜಗತ್ತಿನ ಮೆಗ್ನೀಸಿಯಮ್‌ನ ಬಹುಪಾಲು ಚೀನಾದಿಂದ ಬರುತ್ತದೆ. ಅಲ್ಲಿ ಡಾಲಮೈಟ್‌ಗೆ ಫೆರೋ ಸಿಲಿಕಾನ್ ಸೇರಿಸಿ, ನಿರ್ವಾತದ ಉಕ್ಕಿನ ಕೊಳವೆಗಳಲ್ಲಿ 1200 ಡಿಗ್ರಿ ಹತ್ತಿರ ಕಾಯಿಸಿ ಆವಿ ಹಿಡಿಯುತ್ತಾರೆ. ಕಲ್ಲಿದ್ದಲು ಸುಟ್ಟು ಹೀಗೆ ಮಾಡಿದ ಒಂದು ಕೆ.ಜಿ. ಮೆಗ್ನೀಸಿಯಮ್‌ಗೆ 20 ಕೆ.ಜಿ.ಗೂ ಮೇಲೆ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಬ್ಲಾಸ್ಟ್ ಫರ್ನೆಸ್ ಉಕ್ಕಿಗೆ ಅದು 2ರಿಂದ 2.5 ಕೆ.ಜಿ. ಓಡುವ, ಹಾರುವ ವಾಹನದಲ್ಲಿ ಹಗುರತನ ಇಂಧನ ಉಳಿಸಿ ಈ ಸಾಲ ತೀರಿಸಬಹುದು. ನಿಂತಲ್ಲೇ ನಿಂತಿರುವ ಕನ್ವೇಯರ್ ಮುಚ್ಚಳ ಏನು ತೀರಿಸೀತು?

ಬೆಲೆಗೆ ಹೀಗೆ ಬರೆಯಿರಿ: ಲೋಹ, ಅಚ್ಚು ಅಥವಾ ಮಡಿಕೆ, ಯಂತ್ರಗೆಲಸ, ಬಣ್ಣ, ಬೇರೆ ಥರದ ಬೋಲ್ಟ್ ವಾಷರ್, ಬೆಂಕಿಯ ವ್ಯವಸ್ಥೆ. ಡೈಕಾಸ್ಟಿಂಗ್ ಅಚ್ಚಿನ ಖರ್ಚು ಸಾವಿರಗಟ್ಟಲೆ ಭಾಗಗಳ ಮೇಲೆ ಹಂಚಿದರೆ ಮಾತ್ರ ಹಗುರ. ಹತ್ತಿಪ್ಪತ್ತು ಮುಚ್ಚಳಕ್ಕೆ ಅಚ್ಚು ಮಾಡಿಸುವುದು ಹುಚ್ಚುತನ. ನಮ್ಮ ಮುಚ್ಚಳಕ್ಕೆ ನನ್ನ ತೀರ್ಪು ಮಡಚಿದ 1.2 ಮಿ.ಮೀ. ಉಕ್ಕು, ಇಲ್ಲವೇ ಹಳೇ ಮುಚ್ಚಳಕ್ಕೇ ಎರಡು ಹಿಡಿಕೆ.

ಹಂತ 9: ತುಕ್ಕಿಗೆ ಒಂದು ಮಳೆಗಾಲ ಕೊಡಿ

ಡ್ರೋನ್ ಭಾಗ, ಕೈಯಂತ್ರದ ಮೈ ಥರದ ಕೆಲಸದಲ್ಲಿ ಮೆಗ್ನೀಸಿಯಮ್ ಇಲ್ಲಿವರೆಗೂ ಉಳಿದುಕೊಂಡಿದ್ದರೆ, ಕೊನೆಯ ಪರೀಕ್ಷೆ ತುಕ್ಕು. ಒಣ ಗಾಳಿಯಲ್ಲಿ ಒಳ್ಳೆಯ ಎಜೆಡ್91ಡಿ ಬೂದುಬಣ್ಣಕ್ಕೆ ತಿರುಗಿ ಹಾಗೇ ಇರುತ್ತದೆ, ಬಣ್ಣವಿಲ್ಲದ ಎಂ.ಎಸ್.ಗಿಂತ ಚೆನ್ನಾಗಿಯೇ ಬಾಳುತ್ತದೆ. ಉಕ್ಕು ತಾಗಿ, ನಡುವೆ ಒದ್ದೆಯಾದರೆ ಕತೆ ಬೇರೆ. ಮೆಗ್ನೀಸಿಯಮ್‌ನ ವಿದ್ಯುತ್ ವಿಭವ ಮೈನಸ್ 2.37 ವೋಲ್ಟ್, ಕಬ್ಬಿಣದ್ದು ಮೈನಸ್ 0.44. ಎರಡೂ ಸೇರಿ ಬ್ಯಾಟರಿ ಆಗುತ್ತದೆ, ಹೆಚ್ಚು ಮೈನಸ್ ಇರುವ ಮೆಗ್ನೀಸಿಯಮ್ ಕರಗುತ್ತದೆ. ನೆಲದಡಿಯ ಉಕ್ಕಿನ ಪೈಪು ಉಳಿಸಲು ಮೆಗ್ನೀಸಿಯಮ್ ಗಟ್ಟಿ ಕಟ್ಟುವುದು ಇದೇ ಲೆಕ್ಕದಲ್ಲಿ. ಮಿಶ್ರಲೋಹದ ಒಳಗೇ ಕಬ್ಬಿಣದ ಕಣ ಇದ್ದರೂ ಇದೇ ಗತಿ, 0.005 ಶೇಕಡ ಮಿತಿ ಇಟ್ಟಿದ್ದು ಅದಕ್ಕೆ. ಸರಬರಾಜು ಮಾಡುವವರಿಂದ ಕಬ್ಬಿಣ, ನಿಕಲ್, ತಾಮ್ರದ ಅಂಕಿ ಬರೆದ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಜೂನ್‌ಗೆ ಮುಂಚೆ ಮೆಗ್ನೀಸಿಯಮ್‌ನ ಒಂದೇ ಅಳತೆಯ ನಾಲ್ಕು ತುಂಡು ಮಾಡಿ, ಒಂದೊಂದನ್ನೂ ತೂಗಿ ಬರೆದಿಡಿ. ಒಂದಕ್ಕೆ ಬೋಲ್ಟ್ ಬೇಡ. ಎರಡನೆಯದಕ್ಕೆ ಬರೀ ಉಕ್ಕಿನ ಬೋಲ್ಟ್. ಮೂರನೆಯದಕ್ಕೆ ಉಕ್ಕಿನ ಬೋಲ್ಟ್, ಅದರ ಸುತ್ತ ನೈಲಾನ್ ಕೊಳವೆ (ಸ್ಲೀವ್) ಮತ್ತು ವಾಷರ್. ನಾಲ್ಕನೆಯದಕ್ಕೆ ಜಿಂಕ್ ಲೇಪದ ಬೋಲ್ಟ್, ಅಡಿಗೆ ಅಗಲವಾದ 6061 ಅಲ್ಯೂಮಿನಿಯಂ ವಾಷರ್. ನೀರು ನಿಲ್ಲದಂತೆ ಓರೆಯಾಗಿ ಶೆಡ್ ಚಾವಣಿಯ ಮೇಲೆ ಕಟ್ಟಿ, ಅಕ್ಟೋಬರ್‌ವರೆಗೆ ಬಿಡಿ. ಧೂಳು ಕೂರಲಿ, ಒರೆಸಬೇಡಿ. ಎರಡನೆಯ ತುಂಡಿನ ಬೋಲ್ಟ್ ಸುತ್ತ ಬಿಳಿ ಪುಡಿ ಎದ್ದು ಗುಳಿ ಬಿದ್ದಿರುತ್ತದೆ. ನೋಡಬೇಕಾದ್ದು ಮೂರು, ನಾಲ್ಕನೆಯವು ಮೊದಲನೆಯದಕ್ಕೆ ಎಷ್ಟು ಹತ್ತಿರ ಇವೆ ಅನ್ನುವುದು. ಮತ್ತೆ ತೂಗುವ ಮೊದಲು ಬಿಳಿ ಪುಡಿಯನ್ನು ನೈಲಾನ್ ಬ್ರಷ್‌ನಿಂದ ತೆಗೆಯಿರಿ. ಉಕ್ಕಿನ ವೈರ್ ಬ್ರಷ್ ಮುಟ್ಟಿಸಬೇಡಿ, ಅದರ ಕಣಗಳು ಮೈಯಲ್ಲಿ ಸಿಕ್ಕಿಕೊಂಡರೆ ಅಲ್ಲಿಂದಲೇ ಹೊಸ ಗುಳಿ ಶುರುವಾಗುತ್ತದೆ.